ಗ್ಲೆನ್ ಸ್ಯಾನಕ್ಸ್ ಹಡಗು: ಟಿಕೆಟ್ ಐದು ಪೌಂಡ್, ಉಳಿದದ್ದು ಸಂಬಳದ ಚೀಟಿಯಲ್ಲಿ

ಊರಿಂದ ಅಪ್ಪ ಅಮ್ಮನನ್ನು ಸ್ಕಾಟ್ಲೆಂಡಿಗೆ ಕರೆಸಿಕೊಂಡ ನಮ್ಮವರು ಕೇಳುವುದು ಒಂದೇ: ಸ್ಕೈ ದ್ವೀಪ ದೂರ ಆಯ್ತು, ಹತ್ತಿರದಲ್ಲಿ ಏನಿದೆ? ಅರಾನ್ ದ್ವೀಪ ಇದೆ. ಗ್ಲಾಸ್ಗೋದಿಂದ ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್ ಬರಬಹುದು. ನಾವು ಹೋದದ್ದು 2025ರ ಜುಲೈ ಕೊನೆಯಲ್ಲಿ. ಹತ್ತಿದ್ದು ಗ್ಲೆನ್ ಸ್ಯಾನಕ್ಸ್ ಹಡಗು. ಈ ನಾಡಿನಲ್ಲಿ ಇದರಷ್ಟು ಬೈಸಿಕೊಂಡ ಹಡಗು ಇನ್ನೊಂದು ಇರಲಾರದು. ಹಾಗಾಗಿ ಈ ವಿಮರ್ಶೆಯಲ್ಲಿ ಹಡಗಿಗಿಂತ ಬಿಲ್ಲಿನ ಮಾತೇ ಜಾಸ್ತಿ. ನಾನು ಪೇಸ್ಲಿಯಲ್ಲಿ ಸಂಬಳದ ಲೆಕ್ಕ ಬರೆಯುವವಳು. ಬಿಲ್ಲು ಕಂಡರೆ ಓದದೆ ಬಿಡುವ ಅಭ್ಯಾಸ ಇಲ್ಲ.

ಮೊದಲು ಹಡಗು. ಟ್ರೂನ್ ಬಂದರಿನಿಂದ ಅರಾನ್‌ನ ಬ್ರಾಡಿಕ್‌ಗೆ ಒಂದೂಕಾಲು ಗಂಟೆ. ಕಾರಿಲ್ಲದೆ ಹೋದರೆ ಒಬ್ಬರಿಗೆ ಒಂದು ಕಡೆಗೆ ಐದು ಪೌಂಡ್ ಆಸುಪಾಸು. ಉದ್ದ 102 ಮೀಟರ್, 127 ಕಾರು ಹಿಡಿಯುತ್ತದೆ, 852 ಜನ ಕೂರಬಹುದು. ಒಳಗೆ ಎಲ್ಲ ಹೊಸತು. ಲಿಫ್ಟ್ ಇದೆ, ಅಮ್ಮನ ಮೊಣಕಾಲಿಗೆ ಅದೇ ದೊಡ್ಡ ಉಪಕಾರ. ಮುಂದಿನ ಲೌಂಜಿನಲ್ಲಿ ದೊಡ್ಡ ಕಿಟಕಿಗಳು. ಅಲ್ಲಿ ಜಾಗ ಹಿಡಿದರೆ 874 ಮೀಟರ್ ಎತ್ತರದ ಗೋಟ್ ಫೆಲ್ ಬೆಟ್ಟ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಾ ಎದುರಿಗೆ ಬರುತ್ತದೆ. ಸಸ್ಯಾಹಾರಿಗಳಿಗೆ ಮ್ಯಾಕರೋನಿ ಚೀಸ್, ಜೊತೆಗೆ ಚಿಪ್ಸ್. ಅಪ್ಪ ಉಪ್ಪಿನಕಾಯಿ ಪೊಟ್ಟಣ ಬಿಚ್ಚಿದರು, ಅದೂ ನಡೆಯಿತು. ಸಿಬ್ಬಂದಿ ಒಳ್ಳೆಯವರು. ಬರೀ ಪ್ರಯಾಣಕ್ಕೆ ಅಂದರೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಚರ್ಚೆ ಇಲ್ಲ.

ಅರ್ಧ ಸ್ಟಾರ್ ಕಳೆದದ್ದು ಟ್ರೂನ್‌ಗೆ. ಅರಾನ್‌ಗೆ ಹಳೆಯ ದಾರಿ ಆರ್ಡ್ರೋಸನ್‌ನಿಂದ. ಅಲ್ಲಿ ರೈಲು ಬಂದರಿನ ಬಾಗಿಲಿಗೇ ಹೋಗಿ ನಿಲ್ಲುತ್ತದೆ, ಸಮುದ್ರದ ದಾರಿಯೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಆ ಬಂದರಿಗೆ ಈ ಹೊಸ ಹಡಗು ದೊಡ್ಡದಾಯಿತು. ಬಂದರು ಸರಿ ಮಾಡಿಸದೆ ಹಡಗು ಕಟ್ಟಿಸಿದ್ದಾರೆ.

ಈಗ ಬಿಲ್ಲಿಗೆ ಬರೋಣ. ಸ್ಕಾಟ್ಲೆಂಡಿನ ಸರ್ಕಾರ 2007ರಿಂದ ಒಂದೇ ಪಕ್ಷದ ಕೈಯಲ್ಲಿದೆ. ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಎಲ್ಲರೂ ಕರೆಯುವುದು ಎಸ್‌ಎನ್‌ಪಿ. 1934ರಲ್ಲಿ ಹುಟ್ಟಿದ್ದು. ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶ ಆಗಬೇಕು ಅನ್ನುವುದೇ ಅದರ ಮೂಲ ಗುರಿ. 2014ರ ಆಗಸ್ಟಿನಲ್ಲಿ ಪೋರ್ಟ್ ಗ್ಲಾಸ್ಗೋದ ಫರ್ಗುಸನ್ ಹಡಗುಕಟ್ಟೆ ದಿವಾಳಿಯಾಗಿ ಮುಳುಗಿತು. ಸ್ವಾತಂತ್ರ್ಯದ ಜನಮತ ಸಂಗ್ರಹಕ್ಕೆ ಆಗ ಕೆಲವೇ ವಾರ ಬಾಕಿ. ಕ್ಲೈಡ್ ನದಿಯ ದಂಡೆಯಲ್ಲಿ ವ್ಯಾಪಾರಿ ಹಡಗು ಕಟ್ಟುವ ಕೊನೆಯ ಜಾಗ ಅದು. ಅದು ಮುಚ್ಚುವುದನ್ನು ಯಾವ ರಾಷ್ಟ್ರೀಯವಾದಿ ಪಕ್ಷ ತಾನೇ ನೋಡಿಕೊಂಡು ಕೂರುತ್ತದೆ? ಆಗಿನ ಫಸ್ಟ್ ಮಿನಿಸ್ಟರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಅಲೆಕ್ಸ್ ಸಾಮಂಡ್ ಓಡಾಡಿದರು, ಉದ್ಯಮಿ ಜಿಮ್ ಮೆಕಾಲ್ ಕೊಂಡರು. 2015ರಲ್ಲಿ ಎರಡು ಹಡಗಿನ ಗುತ್ತಿಗೆ ಅದಕ್ಕೇ ಸಿಕ್ಕಿತು, 9 ಕೋಟಿ 70 ಲಕ್ಷ ಪೌಂಡಿಗೆ. ಕಟ್ಟುವವರು ಕೈಕೊಟ್ಟರೆ ಹಣ ಪೂರ್ತಿ ವಾಪಸ್ ಅನ್ನುವ ಗ್ಯಾರಂಟಿ ಇಂಥ ಗುತ್ತಿಗೆಯಲ್ಲಿ ಮಾಮೂಲು. ಇದರಲ್ಲಿ ಪೂರ್ತಿ ಗ್ಯಾರಂಟಿ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಹತ್ತು ಪ್ರಿಂಟರ್ ಬಾಡಿಗೆಗೆ ತರುವಾಗಲೂ ಇದಕ್ಕಿಂತ ಗಟ್ಟಿ ಕಾಗದ ಕೇಳುತ್ತೇವೆ.

2017ರ ನವೆಂಬರಿನಲ್ಲಿ, ಸಾಮಂಡ್ ನಂತರ ಫಸ್ಟ್ ಮಿನಿಸ್ಟರ್ ಆದ ನಿಕೋಲಾ ಸ್ಟರ್ಜನ್ ಬಂದು ಗ್ಲೆನ್ ಸ್ಯಾನಕ್ಸನ್ನು ನೀರಿಗಿಳಿಸಿದರು. ಕಿಟಕಿ ಇರಬೇಕಾದ ಕಡೆ ಕಪ್ಪು ಬಣ್ಣ ಬಳಿದಿತ್ತು! ಆ ಫೋಟೋ ಇವತ್ತಿಗೂ ಪ್ರತಿ ಚುನಾವಣೆಗೆ ಹೊರಬರುತ್ತದೆ. 2018ರಲ್ಲಿ ಓಡಬೇಕಿದ್ದ ಹಡಗು. 2019ರಲ್ಲಿ ಕಟ್ಟೆ ಮತ್ತೆ ಮುಳುಗಿತು, ಸರ್ಕಾರವೇ ಅದನ್ನು ಕೊಂಡಿತು. ಮೊದಲ ಪ್ರಯಾಣಿಕರು ಹತ್ತಿದ್ದು 2025ರ ಜನವರಿಯಲ್ಲಿ. ಜೋಡಿ ಹಡಗು ಗ್ಲೆನ್ ರೋಸಾ ನಾನು ಇದನ್ನು ಬರೆಯುವಾಗಲೂ ಕಟ್ಟೆಯಲ್ಲೇ ಇದೆ. ಎರಡರ ಒಟ್ಟು ಖರ್ಚು 40 ಕೋಟಿ ಪೌಂಡ್ ದಾಟಿದೆ ಅಂತ ಲೆಕ್ಕ.

ಇನ್ನೊಂದು ತಮಾಷೆ ಇದೆ. ಹೊಸ ಹಡಗು ಬಾರದೆ, ಹಳತು ಕೈಕೊಡುತ್ತಾ ಇದ್ದಾಗ, ಆಲ್ಫ್ರೆಡ್ ಅನ್ನುವ ಖಾಸಗಿ ಹಡಗನ್ನು ಬಾಡಿಗೆಗೆ ತಂದರು. ವಿಯೆಟ್ನಾಮಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಕಟ್ಟಿದ್ದು. ಮೊದಲ ಒಂಬತ್ತು ತಿಂಗಳ ಬಾಡಿಗೆಯೇ 90 ಲಕ್ಷ. ಬಾಡಿಗೆ ಮತ್ತೆ ಮತ್ತೆ ಮುಂದುವರಿಯಿತು. ಮುಂದಿನ ಲೆಕ್ಕ ನೀವೇ ಮಾಡಿ.

ಡೆಕ್ ಮೇಲೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನಮ್ಮದು ಸಾಗರದ ಕಡೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಲಾಂಚ್ ಹತ್ತಿ ಬೆಳೆದವರು. ಅದೇ ತಿಂಗಳು ಅಲ್ಲಿ ಸೇತುವೆ ಉದ್ಘಾಟನೆ ಆಗಿತ್ತು, ಅಪ್ಪ ದಿನಾ ಫೋನಿನಲ್ಲಿ ಅದರ ವಿಡಿಯೋ ನೋಡುತ್ತಿದ್ದರು. "ಅದಕ್ಕೆ ನಾವು ದಶಕಗಟ್ಟಲೆ ಕಾದೆವು. ಇವರು ಏಳು ವರ್ಷಕ್ಕೇ ಇಷ್ಟು ಕೂಗಾಡುತ್ತಾರಾ?" ಅಂದರು. ಅಪ್ಪನಿಗೆ ಸುಮ್ನೆ ಹಾಗೆ ಅನ್ನಿಸಬಹುದು. ಅರಾನ್‌ನಲ್ಲಿ ಐದು ಸಾವಿರಕ್ಕೂ ಕಡಿಮೆ ಜನ. ಹಡಗು ರದ್ದಾದರೆ ದೊಡ್ಡ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಹೋಯಿತು, ಅಂಗಡಿಗೆ ಹಾಲು ಬರಲಿಲ್ಲ, ಹೋಟೆಲ್ ಬುಕಿಂಗ್ ಹೋಯಿತು. ಬ್ರಾಡಿಕ್‌ನಲ್ಲಿ ಚೀಸ್ ಕೊಳ್ಳುವಾಗ ಅಂಗಡಿಯಾಕೆ ಹೇಳಿದ್ದು ಇಷ್ಟೇ: "ಹಡಗು ಚೆಂದ ಇದೆ. ನಮಗೆ ಚೆಂದದ್ದು ಬೇಕಿರಲಿಲ್ಲ, ಬರುವಂಥದ್ದು ಬೇಕಿತ್ತು."

ನನ್ನ ತಕರಾರು ತಡವಾದದ್ದಕ್ಕಲ್ಲ. ಬೆಲೆ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅನ್ನುವುದಕ್ಕೆ. ಈ ಸರ್ಕಾರ ಕೊಡುವುದರಲ್ಲಿ ಗಟ್ಟಿ. ಅದನ್ನು ಒಪ್ಪಲೇಬೇಕು, ನಮ್ಮ ಮನೆಯೇ ಸಾಕ್ಷಿ. ಮಗಳು ಹುಟ್ಟಿದಾಗ ಬಟ್ಟೆ, ಹೊದಿಕೆ, ಥರ್ಮಾಮೀಟರ್ ತುಂಬಿದ ಬೇಬಿ ಬಾಕ್ಸ್ ಮನೆಗೆ ಬಂತು. 2011ರಿಂದ ಇಲ್ಲಿ ಡಾಕ್ಟರ್ ಬರೆದ ಔಷಧಿಗೆ ದುಡ್ಡಿಲ್ಲ. 2022ರಿಂದ 22 ವರ್ಷದೊಳಗಿನವರಿಗೆ ಬಸ್ ಫ್ರೀ, 60 ದಾಟಿದವರಿಗೆ ಮೊದಲಿಂದಲೂ ಫ್ರೀ. ಮಗ ಅರಾನ್‌ನ ಬಸ್ಸಿನಲ್ಲೂ ಕಾರ್ಡ್ ತೋರಿಸಿ ಹತ್ತಿದ. ಅಪ್ಪನ ಮುಖ ಅರಳಿತು: "ಇಲ್ಲೂ ಗ್ಯಾರಂಟಿನಾ?" ಇಲ್ಲಿಯ ಮಕ್ಕಳಿಗೆ ಇಲ್ಲಿಯ ಯೂನಿವರ್ಸಿಟಿಯಲ್ಲಿ ಫೀಸಿಲ್ಲ. ಬಡ ಮನೆಯ ಮಕ್ಕಳಿಗೆ ವಾರಕ್ಕೆ ತಲಾ ಇಷ್ಟು ಅಂತ ಹಣ ಸಿಗುತ್ತದೆ (2025-26ರಲ್ಲಿ 27 ಪೌಂಡ್ 15 ಪೆನ್ಸ್), ಇಂಗ್ಲೆಂಡಿನಲ್ಲಿ ಇಂಥದ್ದಿಲ್ಲ. ಇದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ. ನಮ್ಮ ಹಡಗಿನ ಟಿಕೆಟ್ಟೂ ಅದೇ ಜಾತಿ. ರಸ್ತೆಯಲ್ಲಿ ಅಷ್ಟು ದೂರ ಹೋದರೆ ಆಗುವ ಖರ್ಚನ್ನು ಆಧಾರ ಇಟ್ಟುಕೊಂಡು ದರ ಹಾಕುತ್ತಾರೆ. ಅರಾನ್‌ಗೆ ಇದು ಬಂದದ್ದು 2014ರಲ್ಲಿ. ದರ ಇಳಿಯಿತು, ಜನ ಮುಗಿಬಿದ್ದರು, ಹಳೆಯ ಹಡಗುಗಳ ಮೇಲೆ ಭಾರ ಬಿತ್ತು. ಟಿಕೆಟ್ ಇಳಿಸುವುದು ಒಂದು ಆದೇಶದ ಕೆಲಸ. ಹಡಗು ಕಟ್ಟಿಸುವುದು ಹಾಗಲ್ಲ ನೋಡಿ.

ಬಾಕಿ ಹಣ ಎಲ್ಲಿಂದ? ನನ್ನ ಸಂಬಳದ ಚೀಟಿಯಲ್ಲಿ ತೆರಿಗೆ ಕೋಡು 'ಎಸ್' ಅಕ್ಷರದಿಂದ ಶುರುವಾಗುತ್ತದೆ, ಸ್ಕಾಟ್ಲೆಂಡಿನವಳು ಅಂತ. 50,000 ಪೌಂಡ್ ಸಂಬಳದವರು 2025-26ರಲ್ಲಿ ಇಂಗ್ಲೆಂಡಿನವರಿಗಿಂತ ವರ್ಷಕ್ಕೆ ಸುಮಾರು 1,528 ಪೌಂಡ್ ಜಾಸ್ತಿ ಕಟ್ಟುತ್ತಾರೆ. ಇಲ್ಲಿ 43,662 ದಾಟಿದ ಕೂಡಲೇ ಶೇ. 42. ಅಲ್ಲಿ ಶೇ. 40 ಶುರುವಾಗುವುದೇ 50,270 ದಾಟಿದ ಮೇಲೆ. ನಡುವಿನ ಆ ಸಂಬಳದವರಿಗೆ ಸಂಬಳದಲ್ಲೇ ಹಿಡಿಯುವ ಇನ್ನೊಂದು ಕಡಿತ, ನ್ಯಾಷನಲ್ ಇನ್ಶೂರೆನ್ಸಿನ ಶೇ. 8 ಸೇರಿಸಿ. ಓವರ್‌ಟೈಮ್ ಮಾಡಿದರೆ ಪ್ರತಿ ಪೌಂಡಿನಲ್ಲಿ ಅರ್ಧ ಕೈಗೆ ಬರುವುದಿಲ್ಲ. ಬಡ್ತಿ ಸಿಕ್ಕಿದ ನರ್ಸುಗಳು, ಟೀಚರುಗಳು ಎಲ್ಲ ಈ ಪಟ್ಟಿಯಲ್ಲೇ ಬರುತ್ತಾರೆ. ಕಡಿಮೆ ಸಂಬಳದವರಿಗೆ ಇಲ್ಲಿ ತೆರಿಗೆ ಒಂಚೂರು ಕಡಿಮೆ, ಅದನ್ನೂ ಹೇಳಬೇಕು. 2025-26ರಲ್ಲಿ ಅದು ವರ್ಷಕ್ಕೆ ಮೂವತ್ತು ಪೌಂಡಿನ ಒಳಗಿನ ಮಾತು.

ಅಷ್ಟು ಕಟ್ಟಿದರೂ ಸಾಲುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹಣಕಾಸು ಮಂತ್ರಿ ಶೋನಾ ರಾಬಿಸನ್ 50 ಕೋಟಿ ಪೌಂಡಿನಷ್ಟು ಉಳಿತಾಯ ಪ್ರಕಟಿಸಿದರು. ಸಮುದ್ರದಲ್ಲಿ ಗಾಳಿಯಂತ್ರ ಹಾಕಲು ಗುತ್ತಿಗೆ ಕೊಟ್ಟು ಬಂದ ಹಣದಲ್ಲಿ 46 ಕೋಟಿಯವರೆಗೆ ದಿನದ ಖರ್ಚಿಗೆ ಎತ್ತುವ ಮಾತೂ ಆಯಿತು. ಮುಂದಿನ ಪೀಳಿಗೆಗೆ ಅಂತ ಇಡಬೇಕಾದ ಗಂಟು ಅದು. 2025ರ ಜೂನಿನಲ್ಲಿ ಸರ್ಕಾರವೇ ಕೊಟ್ಟ ಅಂದಾಜು ನೋಡಿ: ಹೀಗೇ ನಡೆದರೆ 2029-30ಕ್ಕೆ ದಿನದ ಖರ್ಚಿನಲ್ಲೇ 260 ಕೋಟಿ ಪೌಂಡ್ ಕೊರತೆ. ಸರ್ಕಾರಿ ನೌಕರರ ಸಂಖ್ಯೆಯನ್ನು ವರ್ಷಕ್ಕೆ ಶೇ. 0.5ರಂತೆ ಇಳಿಸುತ್ತಾರಂತೆ. ಕೌನ್ಸಿಲ್ ತೆರಿಗೆಯನ್ನು (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ಕಂದಾಯ) ವರ್ಷಗಟ್ಟಲೆ ಏರಿಸದಂತೆ ತಡೆಹಿಡಿದಿದ್ದರು. ತಡೆ ತೆಗೆದ ಮೇಲೆ 2025ರಲ್ಲಿ ಫಾಲ್ಕರ್ಕ್‌ನವರು ಒಂದೇ ಸಲಕ್ಕೆ ಶೇ. 15.6 ಏರಿಸಿದರು. ಹಡಗಿನ ದರವೂ ಅದೇ ವರ್ಷ ಶೇ. 10 ಏರಿತು.

ಪಕ್ಷದವರು ಏನು ಹೇಳುತ್ತಾರೆ? ಎಲ್ಲ ಲಂಡನ್ನಿನ ತಪ್ಪು. ಅದರಲ್ಲಿ ಸತ್ಯ ಇಲ್ಲ ಅಂತಲ್ಲ. ಸ್ಕಾಟ್ಲೆಂಡ್ ಸರ್ಕಾರಕ್ಕೆ ಬೇಕಾದಷ್ಟು ಸಾಲ ಎತ್ತುವ ಅಧಿಕಾರ ಇಲ್ಲ. ಹಣದ ದೊಡ್ಡ ಪಾಲು ಬಾರ್ನೆಟ್ ಸೂತ್ರದ ಪ್ರಕಾರ ಲಂಡನ್ನಿನಿಂದ ಬರುತ್ತದೆ, ಅಲ್ಲಿ ಖರ್ಚು ಕಡಿತ ಆದರೆ ಇಲ್ಲೂ ಇಳಿಯುತ್ತದೆ. ಆದರೆ ಇದೇ ಸೂತ್ರದಿಂದ ಇಲ್ಲಿ ತಲೆಗೆ ಸಿಗುವ ಹಣ ಇಂಗ್ಲೆಂಡಿಗಿಂತ ಜಾಸ್ತಿ, ಆ ಮಾತು ಭಾಷಣದಲ್ಲಿ ಬರುವುದಿಲ್ಲ. ಸ್ಕಾಟ್ಲೆಂಡ್ ಸರ್ಕಾರವೇ ಪ್ರತಿ ಆಗಸ್ಟಿನಲ್ಲಿ ಆದಾಯ ಖರ್ಚಿನ ಪಟ್ಟಿ ಹೊರಡಿಸುತ್ತದೆ. 2024-25ರ ಕೊರತೆ ಸಮುದ್ರದ ಎಣ್ಣೆಯ ಹಣ ಸೇರಿಸಿಯೂ ಜಿಡಿಪಿಯ ಶೇ. 11ಕ್ಕಿಂತ ಜಾಸ್ತಿ. ಸ್ವತಂತ್ರ ಆದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಸಂಖ್ಯೆಗೆ ಉತ್ತರ ಕೊಡಬೇಕು. ಗುರಿ ದೊಡ್ಡದು ಇರುವ ಪಕ್ಷಕ್ಕೆ ಒಂದು ಅನುಕೂಲ ಇದೆ. ಇವತ್ತಿನ ಕಷ್ಟದ ಲೆಕ್ಕವನ್ನೆಲ್ಲ ಆ ಗುರಿಯ ಆಚೆಗೆ ತಳ್ಳಬಹುದು. ಹದಿನೆಂಟು ವರ್ಷ ತಳ್ಳಿದ್ದಾರೆ ಅಂತ ನನ್ನ ಆರೋಪ.

ಆ ಗುರಿಯೂ ಈಗ ಎಲ್ಲಿದೆ? 2014ರಲ್ಲಿ ಶೇ. 55 ಜನ ಬೇಡ ಅಂದರು. 2022ರಲ್ಲಿ ಸುಪ್ರೀಂ ಕೋರ್ಟ್, ಲಂಡನ್ನಿನ ಒಪ್ಪಿಗೆ ಇಲ್ಲದೆ ಇನ್ನೊಂದು ಜನಮತ ಸಂಗ್ರಹ ಮಾಡುವ ಹಾಗಿಲ್ಲ ಅಂದಿತು. ಆಮೇಲೆ ಸ್ಟರ್ಜನ್ ಇಳಿದರು, ಹಮ್ಜಾ ಯೂಸಫ್ ಬಂದು ಒಂದು ವರ್ಷ ಚಿಲ್ಲರೆಯಲ್ಲೇ ಹೋದರು, 2024ರ ಮೇನಿಂದ ಜಾನ್ ಸ್ವಿನ್ನಿ. ಹಡಗಿನ ಗುತ್ತಿಗೆ ಕೊಟ್ಟಾಗ ಹಣಕಾಸು ಮಂತ್ರಿ ಆಗಿದ್ದವರು ಇವರೇ. 2024ರ ಜುಲೈನ ಬ್ರಿಟನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಪಕ್ಷ 48 ಸೀಟಿನಿಂದ 9ಕ್ಕೆ ಬಿತ್ತು. 2025ರ ಜೂನಿನಲ್ಲಿ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ತನ್ನದೇ ಸೀಟನ್ನು ಲೇಬರ್ ಪಕ್ಷಕ್ಕೆ ಬಿಟ್ಟುಕೊಟ್ಟಿತು, ರಿಫಾರ್ಮ್ ಪಕ್ಷ ಹಿಂದೆಯೇ ಮೂರನೆಯದಾಗಿ ಬಂತು. ವಿಚಿತ್ರ ಅಂದರೆ ಸ್ವಾತಂತ್ರ್ಯ ಬೇಕು ಅನ್ನುವವರು ಇವತ್ತೂ ಹೆಚ್ಚುಕಡಿಮೆ ಅರ್ಧ ಜನ. ಎದುರಾಳಿಗಳು ಒಡೆದು ಹಂಚಿಹೋಗಿದ್ದಾರೆ. ಲಂಡನ್ನಿನ ಲೇಬರ್ ಸರ್ಕಾರದ ಮೇಲೂ ಜನಕ್ಕೆ ಸಿಟ್ಟಿದೆ. ಆದ್ದರಿಂದ ಇಷ್ಟೆಲ್ಲ ಆದರೂ, ನಾನು ಇದನ್ನು ಬರೆಯುವಾಗ, 2026ರ ಮೇ 7ರ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಚುನಾವಣೆಗೆ ಎಸ್‌ಎನ್‌ಪಿಯೇ ಮುಂದಿದ್ದ ಪಕ್ಷ. ಕಾಮನ್‌ವೆಲ್ತ್ ದೇಶದವಳಾದ್ದರಿಂದ ನನಗೂ ವೋಟಿದೆ. ಇಲ್ಲಿರುವ ಕನ್ನಡದವರು ಹೆಸರು ನೋಂದಾಯಿಸಿಕೊಳ್ಳಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಮನೆಗೆ ಬರುವ ಅಭ್ಯರ್ಥಿ ಯಾವ ಪಕ್ಷದವರಾದರೂ ಸರಿ, ಇನ್ನೇನು ಕೊಡುತ್ತೀರಿ ಅಂತ ಕೇಳಬೇಡಿ. ಯಾವುದನ್ನು ನಿಲ್ಲಿಸುತ್ತೀರಿ ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ಹೊರಳುತ್ತದೆ.

ಮುಂದಿನ ನಾಲ್ಕು ದೊಡ್ಡ ಹಡಗುಗಳನ್ನು ಟರ್ಕಿಯ ಕಟ್ಟೆಗೆ ಕೊಟ್ಟಿದ್ದಾರೆ. 2025ರಲ್ಲಿ ಏಳು ಸಣ್ಣ ಹಡಗುಗಳು ಪೋಲೆಂಡಿಗೆ ಹೋದವು. ಪೋರ್ಟ್ ಗ್ಲಾಸ್ಗೋದವರಿಗೆ ಅದು ನುಂಗಲಾರದ ತುತ್ತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆ ಕಟ್ಟೆಯನ್ನು ನೆಚ್ಚಿವೆ, ಸರ್ಕಾರ ಉಳಿಸಿದ್ದೂ ಅವರ ಕೆಲಸವನ್ನೇ. ಅದಕ್ಕಾಗಿ ಹಣ ಸುರಿದದ್ದನ್ನು ನಾನು ಪೂರ್ತಿ ತಪ್ಪು ಅನ್ನಲಾರೆ. ಆದರೆ ಕೆಲಸ ಉಳಿಸುವುದು ಬೇರೆ ಖರ್ಚು, ಹಡಗು ಕೊಳ್ಳುವುದು ಬೇರೆ ಖರ್ಚು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆದು ಮೇಲೆ ಬಾವುಟ ಹೊದಿಸಿದರು. ಯಾವುದಕ್ಕೆ ಎಷ್ಟು ಹೋಯಿತು ಅಂತ ಕೇಳುವ ಹೊತ್ತಿಗೆ ಏಳು ವರ್ಷ ಕಳೆದಿತ್ತು.

ಹೋಗುವವರಿಗೆ: ಬೇಸಿಗೆಯಲ್ಲಿ ಕಾರು ಒಯ್ಯುವುದಾದರೆ ವಾರಗಟ್ಟಲೆ ಮೊದಲೇ ಬುಕ್ ಮಾಡಿ. ನಡೆದು ಹತ್ತುವವರು ಟ್ರೂನ್ ಸ್ಟೇಷನ್ನಿನಿಂದ ಬಂದರಿಗೆ ಸಮಯ ಇಟ್ಟುಕೊಳ್ಳಿ, ಒಂದು ಮೈಲಿಗಿಂತ ದೂರ. ಹೊರಡುವ ಬೆಳಿಗ್ಗೆ ಹಡಗು ಓಡುತ್ತಿದೆಯಾ ಅಂತ ಫೋನಿನಲ್ಲಿ ನೋಡಿ, ಗಾಳಿ ಜೋರಿದ್ದರೆ ರದ್ದಾಗುತ್ತದೆ. ಬ್ರಾಡಿಕ್ ಕೋಟೆಯ ತೋಟ ಚೆನ್ನಾಗಿದೆ, ವಯಸ್ಸಾದವರು ನಿಧಾನಕ್ಕೆ ಸುತ್ತಬಹುದು. ಉಪ್ಪಿನಕಾಯಿ ಮರೆಯಬೇಡಿ.