ಮಂಗಳೂರು ಹಂಪನಕಟ್ಟೆಯ ಕ್ಯಾಸೆಟ್ ಕನ್ವರ್ಷನ್ ಅಂಗಡಿ: ಕೆಲಸ ಚಂದ, ಟೈಮ್ ಮಾತ್ರ ಕೇಳ್ಬೇಡಿ

ಹಳೇ ವಿಎಚ್ಎಸ್ ವಿಡಿಯೋ ಕ್ಯಾಸೆಟ್ ಪೆನ್‌ಡ್ರೈವಿಗೆ ಹಾಕಿಸ್ಬೇಕು ಅಂತ ಇದ್ರೆ ಈ ಸಣ್ಣ ಅಂಗಡಿಗೆ ಧೈರ್ಯದಲ್ಲಿ ಹೋಗ್ಬಹುದು. ನಮ್ಮದು ಅಕ್ಕನ ಮದುವೆ, ಮತ್ತೆ ಮನೆಯಲ್ಲಿ ಆಡಿಸಿದ ಹರಕೆ ಯಕ್ಷಗಾನ ಆಟದ್ದು. ನಮ್ಮೂರಿನ ಮಳೆಗಾಲಕ್ಕೆ ಟೇಪಿನ ಅಂಚಲ್ಲಿ ಬಿಳಿ ಫಂಗಸ್ ಹಿಡಿದಿತ್ತು, ಅವ್ರು ಹಾಗೇ ಪ್ಲೇಯರಿಗೆ ತುರುಕದೆ ಮೊದ್ಲು ಬಿಚ್ಚಿ ಕ್ಲೀನ್ ಮಾಡಿದ್ರು, ಇಲ್ಲದಿದ್ರೆ ಪ್ಲೇಯರಲ್ಲಿ ಟೇಪ್ ಓದುವ ಹೆಡ್ಡಿಗೆ ಹತ್ತಿ ಮತ್ತೊಬ್ಬರ ಕ್ಯಾಸೆಟಿಗೂ ದಾಟ್ತದೆ ಅಲ್ವಾ.

ಕೌಂಟರಲ್ಲಿ ಕೂತವ್ರು ಪಾಲ್, ಇಂಟರ್‌ಲೇಸ್, ಬಿಟ್‌ರೇಟ್ ಅಂತ ಶುರು ಮಾಡಿದ್ರೆ ಹೆದರ್ಬೇಡಿ ಮಾರಾಯ್ರೆ, ಕೇಳಿದ್ರೆ ಬಿಡಿಸಿ ಹೇಳ್ತಾರೆ. ಪಾಲ್ ಅಂದ್ರೆ ನಮ್ಮ ಹಳೇ ಟಿವಿ ಲೆಕ್ಕ, ಸೆಕೆಂಡಿಗೆ 25 ಫ್ರೇಮ್ (ಚಿತ್ರ); ಇಂಟರ್‌ಲೇಸ್ ಅಂದ್ರೆ ಒಂದೊಂದು ಫ್ರೇಮಿಗೂ ಎರಡು ಫೀಲ್ಡ್, ಒಂದ್ರಲ್ಲಿ ಬೆಸ ಗೆರೆ ಇನ್ನೊಂದ್ರಲ್ಲಿ ಸಮ ಗೆರೆ, ಆ ಎರಡನ್ನೂ ಸರಿ ಹೊಂದಿಸಿ ಡಿಇಂಟರ್‌ಲೇಸ್ ಮಾಡದಿದ್ರೆ ಕಂಪ್ಯೂಟರಲ್ಲಿ ವೇಷಧಾರಿ ಗಿರ್ರನೆ ತಿರುಗಿ ಧೀಂಗಿಣ ಹಾಕುವಾಗ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣ್ತದೆ. ಇವ್ರು ಕೊಟ್ಟದ್ರಲ್ಲಿ ಅದಿಲ್ಲ, ಚಂದ ಉಂಟು. ಫೋರ್‌ಕೆ ಮಾಡಿ ಕೊಡಿ ಅಂತ ಹಠ ಹಿಡಿದ ಒಬ್ಬ ಗಿರಾಕಿಗೆ "ಇದ್ರಲ್ಲಿ ಇರುವುದೇ 240 ಗೆರೆಯಷ್ಟು ಡೀಟೇಲ್, ಫೈಲ್ ದೊಡ್ಡದಾಗ್ತದೆ ಅಷ್ಟೆ" ಅಂದ್ರು, ದುಡ್ಡು ಬರ್ತಿತ್ತು, ಆದ್ರೂ ಹೇಳಿದ್ರಲ್ಲ! 720 ಬೈ 576 ಪಿಕ್ಸೆಲಲ್ಲೇ ಇಡಿಸಿ, ಸಾಕು.

ಹೇಳಿದ ದಿನಕ್ಕೆ ಮಾತ್ರ ಕೊಡುದಿಲ್ಲ, ಫೋನೂ ತೆಗಿಯುದಿಲ್ಲ. ಮಿನಿ ಡಿವಿ (ಹಳೇ ಹ್ಯಾಂಡಿಕ್ಯಾಮಿನ ಸಣ್ಣ ಡಿಜಿಟಲ್ ಕ್ಯಾಸೆಟ್) ಇರುವವ್ರು ಹಾರ್ಡ್‌ಡಿಸ್ಕ್ ನೀವೇ ತಕೊಂಡು ಹೋಗಿ, ಗಂಟೆಗೆ ಸುಮಾರು 13 ಜಿಬಿ ಬೇಕು, ಅಲ್ಲಿ ತಗೊಂಡ್ರೆ ರೇಟ್ ಜಾಸ್ತಿ. ಪಾರ್ಕಿಂಗ್ ಅಂತೂ ಇಲ್ಲವೇ ಇಲ್ಲ, ಬಸ್ಸಲ್ಲೇ ಹೋಗಿ.