ಬಾಣಂತಿ ಡಬ್ಬಿಗೆ ನಾಲ್ಕು ನಕ್ಷತ್ರ, ‘ಸ್ಲಿಮ್ ಡಬ್ಬಿ’ಗೆ ಒಂದೂ ಇಲ್ಲ

ಮೈಸೂರಿನ ಕುವೆಂಪುನಗರದ ಕಡೆ ಮನೆಯಲ್ಲೇ ಅಡುಗೆ ಮಾಡಿ ಬಾಣಂತಿಯರಿಗೆ ಊಟ ಕಳಿಸುವವರೊಬ್ಬರಿದ್ದಾರೆ. ಹೆರಿಗೆಯಾದಾಗಿನಿಂದ ಅವರಲ್ಲಿಂದಲೇ ಡಬ್ಬಿ ತರಿಸುತ್ತಿದ್ದೇನೆ. ಅವರಲ್ಲಿ ಸಿಗುವುದು ಮೂರು: ಮಾಮೂಲು ಬಾಣಂತಿ ಡಬ್ಬಿ, ತೂಕ ಇಳಿಸುವವರಿಗೆಂದು ‘ಸ್ಲಿಮ್ ಡಬ್ಬಿ’, ಅದರ ಜೊತೆಗೆ ಹಾಲು ಹೆಚ್ಚಿಸುವ ಪುಡಿ. ಮೊದಲನೆಯದನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಉಳಿದೆರಡಕ್ಕೆ ದುಡ್ಡು ಹಾಕುವ ಮುನ್ನ ಇದನ್ನು ಓದಿ.

ಅಡುಗೆ ನಿಜಕ್ಕೂ ಚೆನ್ನಾಗಿದೆ. ಮೆಣಸಿನ ಸಾರಿನಲ್ಲಿ ಮೆಣಸು ಜೀರಿಗೆಗಳನ್ನು ಹದವಾಗಿ ಹುರಿದ ಘಮ ಇರುತ್ತದೆ, ಕರಕಲು ವಾಸನೆ ಇರುವುದಿಲ್ಲ. ಹೀರೇಕಾಯಿ ತೊವ್ವೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬಿಸಿ ಅನ್ನ, ಪುಟ್ಟ ಬಟ್ಟಲಲ್ಲಿ ಹುರಿದ ಬೆಳ್ಳುಳ್ಳಿ. ಹನ್ನೆರಡೂವರೆಗೆ ಬರುತ್ತದೆ ಎಂದರೆ ಹನ್ನೆರಡೂವರೆಗೇ ಬರುತ್ತದೆ. ಮಗು ಮಲಗಿರುತ್ತದೆ, ಗಂಟೆ ಒತ್ತಬೇಡಿ, ಗೇಟಿಗೆ ನೇತುಹಾಕಿ ಎಂದು ಒಮ್ಮೆ ಹೇಳಿದ್ದೆ. ಡಬ್ಬಿ ತರುವ ಹುಡುಗ ಮತ್ತೆಂದೂ ಮರೆಯಲಿಲ್ಲ. ಬಾಣಂತಿ ಇರುವ ಮನೆಯಲ್ಲಿ ಈ ಒಂದು ಗುಣಕ್ಕೇ ನಕ್ಷತ್ರ ಕೊಡಬಹುದು.

ತೊಡಕು ಇರುವುದು ಅಂಟಿನುಂಡೆಯಲ್ಲಿ. ರುಚಿಗೆ ಎರಡು ಮಾತಿಲ್ಲ. ಆದರೆ ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು, ಕಂಡದ್ದನ್ನೆಲ್ಲ ತೂಗಿ ನೋಡುವ ಚಟ. ಒಂದು ಉಂಡೆ ಸುಮಾರು 50 ಗ್ರಾಂ. ಅಂಟು, ಕೊಬ್ಬರಿ, ಉತ್ತುತ್ತೆ, ಬಾದಾಮಿ, ಬೆಲ್ಲ, ಮೇಲೆ ಕೈಬಿಚ್ಚಿ ಹಾಕಿದ ತುಪ್ಪ. ಎಲ್ಲ ಸೇರಿ 240 ಕ್ಯಾಲೊರಿಯ ಆಸುಪಾಸು. ಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಹೆಚ್ಚುಕಡಿಮೆ 750 ಮಿಲಿಲೀಟರ್ ಕುಡಿಯುತ್ತದೆ. ಅಷ್ಟು ಹಾಲಿನಲ್ಲಿರುವುದು 500 ಕ್ಯಾಲೊರಿ. ದಿನಕ್ಕೆರಡು ಉಂಡೆ ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ಹಾಲು ಕುಡಿಸಿದರೆ ತಾನಾಗಿ ತೆಳ್ಳಗಾಗುತ್ತೀಯೆ ಎಂದು ಊರೆಲ್ಲ ಹೇಳುವವರು ಉಂಡೆಯ ತಟ್ಟೆಯನ್ನೂ ಮುಂದಿಟ್ಟೇ ಹೇಳುತ್ತಾರೆ! ಉಂಡೆ ಬೇಡ ಎಂದಾಗ ನಮ್ಮ ಅತ್ತೆ, “ಬಾಣಂತಿಗೆ ತುಪ್ಪ ಕಡಿಮೆಯಾದರೆ ನಡು ನಿಲ್ಲುತ್ತದೆಯೇನಮ್ಮ?” ಎಂದರು. ನಡು ನಿಂತೇ ಇದೆ, ಸ್ವಲ್ಪ ಅಗಲವಾಗಿ ನಿಂತಿದೆ ಎಂದೆ. ಅವರೂ ನಕ್ಕರು.

ಹೀಗೆ, ರಜೆ ಮುಗಿಯುವ ಹೊತ್ತಿಗೆ ಸ್ಲಿಮ್ ಡಬ್ಬಿಗೆ ಬದಲಾಯಿಸಿದೆ. ಕರಪತ್ರದಲ್ಲಿ ‘ತಿಂಗಳಿಗೆ ಆರು ಕಿಲೋ ಇಳಿಕೆ, ಹಾಲಿಗೆ ಕುಂದಿಲ್ಲ’ ಎಂದಿದೆ. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಒಂದೂವರೆ ಚಪಾತಿ, ಸೋರೆಕಾಯಿ ಪಲ್ಯ, ರಾತ್ರಿ ತರಕಾರಿ ಸೂಪು. ಬೇಳೆ ಹುಡುಕಬೇಕು, ಮೊಸರು ಇಲ್ಲವೇ ಇಲ್ಲ. ಎಷ್ಟು ಉದಾರವಾಗಿ ಕೂಡಿಸಿದರೂ ದಿನಕ್ಕೆ 1,000 ಕ್ಯಾಲೊರಿ ದಾಟುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ಕುಳಿತು ಕೆಲಸ ಮಾಡುವ ಹೆಂಗಸಿಗೇ 1,660 ಬೇಕು. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ಅದರ ಮೇಲೆ 600, ನಂತರದ ಆರು ತಿಂಗಳು 520. ತೂಕ ಇಳಿಸಬೇಕೆಂದರೆ ಅದರಲ್ಲಿ ಒಂದಿಷ್ಟು ಕಡಿಮೆ ಮಾಡಬಹುದು. ಇವರು ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ್ದಾರೆ. ನಮ್ಮ ಮಕ್ಕಳ ವೈದ್ಯರು ಹೇಳಿದ್ದು ವಾರಕ್ಕೆ ಅರ್ಧ ಕಿಲೋದಷ್ಟು ಇಳಿಕೆ, ಅದೂ ಹಾಲೂಡಿಕೆ ಚೆನ್ನಾಗಿ ನೆಲೆಗೊಂಡ ಮೇಲೆ.

ಮೊದಲ ವಾರದಲ್ಲೇ ಸಂಜೆ ತಲೆನೋವು, ರಾತ್ರಿ ಎರಡು ಗಂಟೆಗೆ ಬಿಸ್ಕತ್ತಿನ ಡಬ್ಬ. ಹಸಿದ ತಾಯಿಯ ದೇಹ ತನ್ನ ಉಗ್ರಾಣದಿಂದ ತೆಗೆದಾದರೂ ಮಗುವಿಗೆ ಹಾಲು ಕೊಡಲು ನೋಡುತ್ತದೆ; ಬವಣೆ ಏನಿದ್ದರೂ ಮೊದಲು ತಾಯಿಯದು. ಅದೇ ಸಮಯಕ್ಕೆ ಕಾಲೇಜಿಗೂ ಮರಳಿದ್ದೆ. ಪಂಪಿನಲ್ಲಿ ತೆಗೆದಾಗ ಹಾಲು ಕಡಿಮೆ ಕಾಣತೊಡಗಿತು. ಫೋನ್ ಮಾಡಿದರೆ ಆಕೆ, “ಪುಡಿ ದಿನಕ್ಕೆ ಮೂರು ಸಲ ತೆಗೆದುಕೊಳ್ಳಿ ಮೇಡಂ” ಎಂದರು. 300 ಗ್ರಾಮಿಗೆ 650 ರೂಪಾಯಿ.

ಆ ಪುಡಿಯ ಡಬ್ಬದ ಹಿಂಭಾಗ ತಿರುಗಿಸಿ ನೋಡಿ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಇಲ್ಲಿ ಮೊದಲು ಇರುವುದು ಸಕ್ಕರೆ, ಆಮೇಲೆ ಮೆಂತ್ಯ, ಶತಾವರಿ, ಜೀರಿಗೆ. ತೂಕ ಇಳಿಸುವ ಡಬ್ಬಿಯ ಜೊತೆ ಸಕ್ಕರೆ ಮಾರುವುದಕ್ಕೆ ಎದೆಗಾರಿಕೆ ಬೇಕು. ಮೆಂತ್ಯ, ಶತಾವರಿಗಳಿಂದ ಹಾಲು ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೆಂತ್ಯ ಹೆಚ್ಚಾದರೆ ಬೆವರಿಗೆ ಅದರದೇ ವಾಸನೆ ಬರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆಯ ಮಟ್ಟ ತೀರಾ ಇಳಿಯುವ ಅಪಾಯವೂ ಇದೆ. ಡಬ್ಬದ ಮೇಲೆ ಆ ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರ ಫಲ ಯಾವುದು ಎಂದು ತಿಳಿಯುವುದಿಲ್ಲ, ಇದು ನನ್ನ ವಿದ್ಯಾರ್ಥಿಗಳಿಗೂ ಗೊತ್ತು. ಆದ್ದರಿಂದ ಮೊದಲು ಪುಡಿ ಮಾತ್ರ ನಿಲ್ಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಆಮೇಲೆ, ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಒಂದೇ ಸಲ ಹಾಲು ತೆಗೆಯುತ್ತಿದ್ದವಳು ಊಟದ ಬಿಡುವಿನಲ್ಲಿ ಇನ್ನೊಂದು ಸಲ ತೆಗೆಯತೊಡಗಿದೆ. ಕೆಲವೇ ದಿನಗಳಲ್ಲಿ ಬಾಟಲಿ ಮೊದಲಿನಂತೆ ತುಂಬಿತು. ಹಾಲು ಕಟ್ಟಿಕೊಂಡೇ ಇದ್ದರೆ ಉತ್ಪತ್ತಿ ತಗ್ಗುತ್ತದೆ, ಖಾಲಿಯಾದಷ್ಟೂ ಮತ್ತೆ ಊರುತ್ತದೆ. (ಬಾಟಲಿ ಇಡುವುದು ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿ, ಪ್ರಯೋಗಾಲಯದ್ದರಲ್ಲಲ್ಲ. ಕೇಳಿದವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.) ಅಂದಹಾಗೆ ಪಂಪಿನಲ್ಲಿ ಬಂದಷ್ಟೇ ಹಾಲು ಇರುವುದು ಎಂದುಕೊಳ್ಳಬೇಡಿ; ಮಗು ಪಂಪಿಗಿಂತ ಚೆನ್ನಾಗಿ ಎಳೆಯುತ್ತದೆ. ತೂಕ ಸರಿಯಾಗಿ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ ಅದೇ ಲೆಕ್ಕ.

ಕೊನೆಗೆ ಸ್ಲಿಮ್ ಡಬ್ಬಿ ಬಿಟ್ಟು ಬಾಣಂತಿ ಡಬ್ಬಿಗೇ ಮರಳಿದೆ. ಉಂಡೆ ಬೇಡ, ತೊವ್ವೆ ಒಂದು ಸೌಟು ಹೆಚ್ಚು, ಒಂದು ಬಟ್ಟಲು ಮೊಸರು ಎಂದು ಕೇಳಿದೆ, ತಕರಾರಿಲ್ಲದೆ ಒಪ್ಪಿದರು. ಸಂಜೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಮುಕ್ಕಾಲು ಗಂಟೆ ನಡೆಯುತ್ತೇನೆ. ನಡೆದರೆ ಹಾಲು ಬತ್ತುತ್ತದೆ ಎನ್ನುವುದು ಸುಳ್ಳು. ತೂಕ ತಿಂಗಳಿಗೆ ಒಂದೂವರೆ ಕಿಲೋದಂತೆ ಇಳಿಯುತ್ತಿದೆ, ತಲೆನೋವಿಲ್ಲ. ಹಳೆಯ ಚೂಡಿದಾರಗಳು ಇನ್ನೂ ಬೀರುವಿನಲ್ಲೇ ಇವೆ, ಇರಲಿ.

ಡಬ್ಬಿಯ ಜೊತೆ ಕೊಡುವ ಸೂಚನೆಯ ಹಾಳೆಯಲ್ಲಿ ‘ನೀರು ಮಿತವಾಗಿ ಕುಡಿಯಿರಿ’ ಎಂದಿದೆ. ಅದನ್ನು ಹರಿದುಹಾಕಿ. ಬಾಯಾರಿದಾಗಲೆಲ್ಲ ಕುಡಿಯಿರಿ, ಹಾಗೆಂದು ಕೊಡಗಟ್ಟಲೆ ಕುಡಿದರೆ ಹಾಲು ಹೆಚ್ಚುವುದೂ ಇಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಈ ಊಟ ತುಂಬಿಕೊಡುವುದಿಲ್ಲ, ಬಿಡಬೇಡಿ.

ಮಧ್ಯಾಹ್ನದ ಊಟ ಮಾತ್ರ ಸಾಕೆಂದರೆ ತಿಂಗಳಿಗೆ 4,200 ರೂಪಾಯಿ, ಭಾನುವಾರ ರಜೆ. ಸ್ಟೀಲ್ ಕ್ಯಾರಿಯರ್‌ಗೆ 500 ರೂಪಾಯಿ ಠೇವಣಿ ಇಟ್ಟುಕೊಳ್ಳುತ್ತಾರೆ. ಬಿಡುವಾಗ ನೀವಾಗಿಯೇ ಕೇಳಿ ಪಡೆಯಬೇಕು, ಅವರಾಗಿ ನೆನಪಿಸುವುದಿಲ್ಲ.