ಸೂರ್ಯಪಾನದ ತೆನೆಹುಳಕ್ಕೆ ಯಾವ ಎಣ್ಣೆ? ಹೊಲದಲ್ಲಿ ಹೊಡೆದು ನೋಡಿದ ಹೋಲಿಕೆ

ಜೇವರ್ಗಿ ಕಡೆ ಸೂರ್ಯಪಾನ (ಸೂರ್ಯಕಾಂತಿ) ಹೂವಿಗೆ ಬಂತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಕಾಕಾ, ಯಾವ ಎಣ್ಣಿ ಹೊಡದ್ರಿ?" ಎಣ್ಣಿ ಅಂದರೆ ನಮ್ಮಲ್ಲಿ ಹುಳಕ್ಕೆ ಹೊಡೆಯುವ ಮದ್ದು. ಅಂಗಡಿಯಲ್ಲಿ ಕೇಳಿದರೆ ಅವರಲ್ಲಿ ಇರುವುದನ್ನು ಕೊಡುತ್ತಾರೆ. ಅದಕ್ಕೇ ಹಿಂಗಾರಿಯಲ್ಲಿ ಒಂದೇ ಹೊಲ, ಒಂದೇ ಹೈಬ್ರಿಡ್, ಒಂದೇ ದಿನದ ಬಿತ್ತನೆ ಇಟ್ಟುಕೊಂಡು, ಪಟ್ಟಿ ಪಟ್ಟಿ ಮಾಡಿ ಐದು ಬಗೆಯ ಮದ್ದು ಹೊಡೆದು ನೋಡಿದೆ. ಒಂದು ಪಟ್ಟಿಗೆ ಏನೂ ಹೊಡೆಯಲಿಲ್ಲ. ಹಾಗೆ ಬಿಟ್ಟರೇ ತಾನೇ ಉಳಿದವು ಎಷ್ಟು ಕೆಲಸ ಮಾಡಿದವು ಅಂತ ತಿಳಿಯುವುದು?

ಮೊದಲು ಹುಳದ ವಿಷಯ. ನಮ್ಮಲ್ಲಿ ಸೂರ್ಯಪಾನದ ಕಾಳು ತಿನ್ನುವುದು ತೊಗರಿಯ ಕಾಯಿ ಕೊರೆಯುವ ಅದೇ ಹಸಿರು ಕೀಡೆ, ಹೆಲಿಕೋವರ್ಪಾ. ಕಲಬುರಗಿಯಲ್ಲಿ ಎತ್ತ ನೋಡಿದರೂ ತೊಗರಿ, ಅದರ ಪಕ್ಕ ಕಡಲೆ. ಮೂರೂ ಬೆಳೆ ಈ ಹುಳಕ್ಕೆ ಇಷ್ಟ. ಹಾಗಾಗಿ ಇಲ್ಲಿ ಪತಂಗಕ್ಕೆ ಬರವೇ ಇಲ್ಲ. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ, ಅದೂ ಗುಂಪಾಗಿ ಅಲ್ಲ, ಒಂದೊಂದು ಒಂದೊಂದು ಕಡೆ. ಮರಿ ಮೊದಲು ತೆನೆಯ ಸುತ್ತಲಿನ ಹಸಿರು ಭಾಗವನ್ನೂ ಹೂವನ್ನೂ ಕೆರೆದು ತಿನ್ನುತ್ತದೆ. ಬಲಿತ ಮೇಲೆ ತೆನೆಯೊಳಗೆ ತಲೆ ತೂರಿಸಿ ಹಾಲು ತುಂಬಿದ ಎಳೆ ಕಾಳಿಗೆ ಬಾಯಿ ಹಾಕುತ್ತದೆ. ಆಮೇಲೆ ಯಾವ ಎಣ್ಣೆ ಹೊಡೆದರೂ ಅದಕ್ಕೆ ಸರಿಯಾಗಿ ತಾಗುವುದಿಲ್ಲ.

  

ಇಷ್ಟೇ ಆಗಿದ್ದರೆ ಬೇಗ ಕೊಲ್ಲುವ ಎಣ್ಣೆ ತಂದು ಹೊಡೆದರೆ ಕೆಲಸ ಮುಗಿಯುತ್ತಿತ್ತು. ಆದರೆ ಸೂರ್ಯಪಾನಕ್ಕೆ ಜೇನು ಬೇಕು. ಇದರ ಪರಾಗ ಭಾರ, ಅಂಟಂಟು, ಗಾಳಿಗೆ ಹಾರಿ ಹೋಗುವಂಥದ್ದಲ್ಲ. ಹೆಜ್ಜೇನು, ಕಡ್ಡಿಜೇನು ಬಂದು ಕೂತರೇ ಕಾಳು ಚೆನ್ನಾಗಿ ಕಟ್ಟುವುದು. ಜೇನು ಬರದಿದ್ದರೆ ತೆನೆ ದೊಡ್ಡದಾಗಿ ಕಾಣುತ್ತದೆ, ಒಳಗೆ ಜೊಳ್ಳು. ಹುಳ ತಿಂದ ಕಾಳೂ ನಷ್ಟ, ಕಟ್ಟದೇ ಹೋದ ಕಾಳೂ ನಷ್ಟ. ಐದನ್ನೂ ನಾನು ಈ ಎರಡು ಕಣ್ಣಿಂದ ನೋಡಿದ್ದೇನೆ.

ಕ್ವಿನಾಲ್‌ಫಾಸ್ ಶೇ 25, ಲೀಟರಿಗೆ 2 ಮಿಲಿ. ನಮ್ಮ ಕಡೆ ಹಳಬರಿಗೆ ಇದರ ಮೇಲೆ ತುಂಬಾ ನಂಬಿಕೆ. ಅಗ್ಗ. ಹೊಡೆದ ಮರುದಿನವೇ ಹುಳ ಸತ್ತು ಬಿದ್ದಿರುವುದು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಮರುದಿನ ಬೆಳಿಗ್ಗೆ ಆ ಪಟ್ಟಿಯಲ್ಲಿ ಜೇನಿನ ಸದ್ದೇ ಇರಲಿಲ್ಲ. ಪಕ್ಕದ ಪಟ್ಟಿಗಳಲ್ಲಿ ಜೇನು ಮುತ್ತಿಕೊಂಡಿತ್ತು. ಒಕ್ಕುವಾಗ ಈ ಪಟ್ಟಿಯ ತೆನೆಗಳಲ್ಲಿ ನಡುವಿನ ಕಾಳು ಬಹಳ ಜೊಳ್ಳು. ಹೂ ಅರಳುವುದು ಅಂಚಿನಿಂದ ನಡುವಿಗೆ, ಹೊಡೆದ ದಿನಗಳಲ್ಲಿ ಅರಳಿದ್ದ ಸುತ್ತೇ ಖಾಲಿ ಉಳಿದಂತೆ ಕಂಡಿತು. ಇನ್ನೊಂದು ಮಾತು. ಇದು ಹೊಡೆಯುವವನ ಮೈಗೂ ಕೆಟ್ಟದ್ದು. ಇದು ಆರ್ಗನೋಫಾಸ್ಫೇಟ್ ಗುಂಪಿನ ಮದ್ದು, ಈ ಗುಂಪಿನ ವಿಷ ಏರಿದರೆ ಆಸ್ಪತ್ರೆಯಲ್ಲಿ ಕೊಡುವುದು ಅಟ್ರೋಪಿನ್. ತಲೆ ಸುತ್ತಿತು, ಬಾಯಲ್ಲಿ ಜೊಲ್ಲು ಬಂತು ಅಂದರೆ ತಡ ಮಾಡದೆ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಹೂವಿನ ಹೊತ್ತಿನಲ್ಲಿ ಇದನ್ನು ನನ್ನ ಹೊಲಕ್ಕೆ ತರುವುದಿಲ್ಲ.

ಎಮಾಮೆಕ್ಟಿನ್ ಬೆಂಜೊಯೇಟ್ ಶೇ 5, ಲೀಟರಿಗೆ 0.4 ಗ್ರಾಂ. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬಂದ ಮದ್ದು ಇದು. ಹುಳ ತಿಂದ ಕೆಲವೇ ತಾಸಿನಲ್ಲಿ ಮೇಯುವುದನ್ನು ಬಿಡುತ್ತದೆ. ಸಾಯಲು ಮಾತ್ರ ಎರಡು ಮೂರು ದಿನ ಬೇಕು. ಇದು ಗೊತ್ತಿಲ್ಲದೆ ಜನ "ಹುಳ ಇನ್ನಾ ಜೀವಂತ ಐತಿ" ಅಂತ ಮತ್ತೊಮ್ಮೆ ಹೊಡೆಯುತ್ತಾರೆ. ಸುಮ್ನೆ ಖರ್ಚು. ಬಲಿತ ಹುಳದ ಮೇಲೂ ಐದರಲ್ಲಿ ಇದರ ಕೆಲಸ ನನಗೆ ಚೆನ್ನಾಗಿ ಕಂಡಿತು. ಜೇನಿನ ಮಟ್ಟಿಗೆ ಇದರಲ್ಲಿ ಒಂದು ಷರತ್ತು ಇದೆ. ಹಸಿ ಇರುವಾಗ ಜೇನಿಗೆ ತಾಗಿದರೆ ಜೇನು ಸಾಯುತ್ತದೆ. ಒಣಗಿದ ಮೇಲೆ ಅಪಾಯ ಕಡಿಮೆಯಾಗುತ್ತದೆ. ಹೊತ್ತು ಮುಳುಗುವಾಗ, ಜೇನು ಗೂಡಿಗೆ ಹೋದ ಮೇಲೆ ಹೊಡೆದೆ. ಬೆಳಿಗ್ಗೆ ಜೇನು ಎಂದಿನಂತೆ ಬಂತು.

ಕ್ಲೋರಾಂಟ್ರಾನಿಲಿಪ್ರೋಲ್ ಶೇ 18.5, ಎಕರೆಗೆ 60 ಮಿಲಿ, 200 ಲೀಟರ್ ನೀರಿಗೆ. ಹೆಸರು ಹೇಳಲು ಕಷ್ಟ, ಊರಲ್ಲಿ ಎಲ್ಲರೂ ಕೋರಾಜನ್ ಅಂತಲೇ ಕರೆಯುತ್ತಾರೆ. ಹುಳದ ಸ್ನಾಯು ಬಿಗಿದು ಬಾಯಿ ಆಡಿಸಲು ಆಗದಂತೆ ಮಾಡುತ್ತದೆ. ಮೊದಲು ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ಮಾಡತೊಡಗಿದವು, ಬೆಲೆ ಇಳಿಯಿತು. ಆದರೂ ಐದರಲ್ಲಿ ಇದೇ ದುಬಾರಿ. ಡಬ್ಬಿಯ ಮೇಲೆ ಹಸಿರು ತ್ರಿಕೋನ, ಅಂದರೆ ಕಡಿಮೆ ವಿಷದ ಗುರುತು, ಇರುವ ಮದ್ದು, ಜೇನಿಗೂ ಮನುಷ್ಯನಿಗೂ ಹಾನಿ ಕಡಿಮೆ. ನನಗೆ ಹೆಚ್ಚು ಹಿಡಿಸಿದ್ದು ಇದರ ಬಾಳಿಕೆ. ಎಮಾಮೆಕ್ಟಿನ್ ಪಟ್ಟಿಯಲ್ಲಿ ಹೊಸ ಮರಿಗಳು ಮತ್ತೆ ಕಾಣಿಸಿಕೊಂಡ ಹೊತ್ತಿಗೆ ಇಲ್ಲಿ ಇನ್ನೂ ಇರಲಿಲ್ಲ. ತೊಗರಿಯಿಂದ ಪತಂಗ ದಿನವೂ ಹಾರಿ ಬರುವ ನಮ್ಮಂಥ ಕಡೆ ಇದು ದೊಡ್ಡ ಲಾಭ. ಕಾಳು ತುಂಬಿದ್ದೂ ಈ ಪಟ್ಟಿಯಲ್ಲೇ ಜಾಸ್ತಿ.

ಎನ್‌ಪಿವಿ, ಎಕರೆಗೆ 100 ಎಲ್‌ಇ (ರೋಗ ಹತ್ತಿದ ಹುಳದ ಲೆಕ್ಕದಲ್ಲಿ ಹೇಳುವ ಅಳತೆ). ಇದು ವೈರಸ್. ಹೆಲಿಕೋವರ್ಪಾ ಹುಳಕ್ಕೆ ಮಾತ್ರ ರೋಗ ತರುತ್ತದೆ. ಜೇನಿಗೆ, ದನಕ್ಕೆ, ನಮಗೆ ಏನೂ ಆಗುವುದಿಲ್ಲ. ರೋಗ ಹತ್ತಿದ ಹುಳ ಗಿಡದ ತುದಿಗೆ ಏರಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಬಿಸಿಲು ತಾಗಿದರೆ ವೈರಸ್ ಸಾಯುತ್ತದೆ, ಹಾಗಾಗಿ ಸಂಜೆಯೇ ಹೊಡೆಯಬೇಕು. ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ಕೂಡಿಸಬೇಕು. ಬೆಲ್ಲ ಹುಳಕ್ಕೆ ತಿನ್ನುವ ಆಸೆಗೆ, ನೀಲಿ ಬಿಸಿಲಿನಿಂದ ಕಾಪಾಡಲು. ಸಣ್ಣ ಮರಿಗಳ ಮೇಲೆ ಮದ್ದು ಚೆನ್ನಾಗಿ ನಡೆಯಿತು. ಬಲಿತವು ಸಾಯುವುದಕ್ಕೆ ಮೊದಲೇ ಕಾಳು ತಿಂದು ಮುಗಿಸಿದವು. ಇದರ ಮೇಲೆ ನನಗೆ ಬಹಳ ಪ್ರೀತಿ. ಆದರೆ ಬೇಕಾದ ವಾರದಲ್ಲಿ ತಾಜಾ ಸರಕು ಕೈಗೆ ಸಿಗಬೇಕಲ್ವಾ? ಬಿಸಿಲಿಗೆ ಇಟ್ಟ ಅಂಗಡಿಯ ಬಾಟಲಿ ತರುವುದು ಬೇಡ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮುಂಚೆಯೇ ವಿಚಾರಿಸಿ ಇಡುವುದು ಒಳ್ಳೆಯದು.

ಬೇವಿನ ಬೀಜದ ಕಷಾಯ, ಶೇ 5. 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು, ಕುಟ್ಟಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸೋಪಿನ ಪುಡಿ ಸ್ವಲ್ಪ ಬೆರೆಸಿ ಹೊಡೆಯುವುದು. ಅರಳಿದ ಹೂವಿಗೆ ಹೊಡೆದಾಗ ಇದು ಸೋತಿತು. ಮೊಗ್ಗಿನ ಹೊತ್ತಿನಲ್ಲಿ ಹೊಡೆದ ಕಡೆ ಗೆದ್ದಿತು. ಏಕೆಂದರೆ ಇದು ಕೊಲ್ಲುವುದಕ್ಕಿಂತ ಪತಂಗ ಮೊಟ್ಟೆ ಇಡದಂತೆ, ಮರಿ ಮೇಯದಂತೆ ತಡೆಯುತ್ತದೆ. ದುಡ್ಡು ಬೇಡ, ಬೇಸಿಗೆ ಕೊನೆಗೆ ಗಿಡದಡಿ ಬಿದ್ದ ಬೀಜ ಆರಿಸಿ ಇಟ್ಟರಾಯಿತು.

ಈಗ ನಾನು ಮಾಡುವುದು ಹೀಗೆ. ಮೊಗ್ಗಿಗೆ ಬೇವು. ಎಕರೆಗೆ ನಾಲ್ಕೈದು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿ, ಪತಂಗ ಬೀಳುವುದು ಏರಿದರೆ ಸಾಲು ಸಾಲು ತೆನೆ ನೋಡುತ್ತೇನೆ. ತೆನೆಗೆ ಒಂದು ಹುಳದ ಲೆಕ್ಕ ಬಂದರೆ ಕ್ಲೋರಾಂಟ್ರಾನಿಲಿಪ್ರೋಲ್. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ಇಲ್ಲವೇ ಹುಳ ಆಗಲೇ ಬಲಿತಿದ್ದರೆ ಎಮಾಮೆಕ್ಟಿನ್, ಅದೂ ಸಂಜೆ. ಎರಡು ಎಣ್ಣೆ ಕೂಡಿಸಿ ಹೊಡಿ ಅನ್ನುವ ಅಂಗಡಿಯ ಮಾತು ಕೇಳುವುದಿಲ್ಲ. ಡಬ್ಬಿಯ ಮೇಲೆ ನಮ್ಮ ಬೆಳೆಯ ಹೆಸರು, ಪ್ರಮಾಣ ಓದಿ, ಬಿಲ್ ತೆಗೆದುಕೊಂಡೇ ತರುತ್ತೇನೆ.

ಹೊಡೆಯುವ ರೀತಿಯೂ ಅಷ್ಟೇ ಮುಖ್ಯ. ಅರಳಿದ ಸೂರ್ಯಪಾನ ಸೂರ್ಯನ ಹಿಂದೆ ತಿರುಗುವುದನ್ನು ಬಿಟ್ಟು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತದೆ. ಪಂಪು ಹೊತ್ತವರು ಪಶ್ಚಿಮದಿಂದ ಹೊಡೆದರೆ ಮದ್ದೆಲ್ಲ ತೆನೆಯ ಬೆನ್ನಿಗೆ ಹೋಗುತ್ತದೆ. ಪೂರ್ವದ ಕಡೆ ನಿಂತು, ಮೂಡಗಾಳಿ ಇದ್ದರೆ ಅದನ್ನು ಬೆನ್ನಿಗೆ ಹಾಕಿಕೊಂಡು, ತೆನೆಯ ಮುಖಕ್ಕೆ ಸಣ್ಣ ಹನಿ ಬೀಳುವಂತೆ ಹೊಡೆಸುತ್ತೇನೆ. ತೆನೆಯ ಬೆನ್ನು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದರೆ ಕಾಳು ಬಲಿತಿದೆ ಅಂತ ಅರ್ಥ. ಆಗ ಹುಳ ಕಂಡರೂ ಪಂಪು ಹೊರಗೆ ತೆಗೆಯುವುದಿಲ್ಲ, ಕೊಯ್ಲಿಗೆ ಆಳು ಹುಡುಕುತ್ತೇನೆ.